ಹಳೆಯ ಯಂತ್ರವೇಕೆ ಕುಂಟುತ್ತದೆ?

“ಸರ್, ಮುಂಜಾನೆ ಛಲೋ ಓಡತೈತ್ರಿ, ಮಧ್ಯಾಹ್ನ ಕುಂಟತೈತ್ರಿ.”

ಕೊಣ್ಣೂರಿನಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನು ತನ್ನ ಹಳೆಯ ಲ್ಯಾಪ್‌ಟಾಪನ್ನು ಮೇಜಿನ ಮೇಲಿರಿಸಿ ಹೀಗೆಂದನು. ಅವನ ಊರು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಹಗಲಿರುಳೂ ಲಾರಿಗಳನ್ನು ನೋಡಿ ಬೆಳೆದವನಿಗೆ ಲಾರಿ ನಡೆಸುವ ಆಟವೇ ಪ್ರಿಯವಾದುದರಲ್ಲಿ ಆಶ್ಚರ್ಯವೇನು? ಚೆಕ್ ದೇಶದ ಸಂಸ್ಥೆಯೊಂದು 2012ರಲ್ಲಿ ಹೊರತಂದ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಆ ಆಟ. ಯಂತ್ರಕ್ಕೆ ಮುಪ್ಪು ಬಂದಿದೆ, ಹೊಸದನ್ನೇ ಕೊಳ್ಳಬೇಕೆಂದು ಅಂಗಡಿಯವರು ಹೇಳಿದ್ದರು. ಕಡಲೆ ಮಾರಿದ ಹಣವನ್ನು ಅದಕ್ಕಾಗಿ ತೆಗೆದಿಡಲು ತಂದೆ ಒಪ್ಪಿದ್ದರು. ಆದರೆ ಮುಪ್ಪು ಹೊತ್ತು ನೋಡಿಕೊಂಡು ಬರುತ್ತದೆಯೆ?

ಇಂಥ ಆಟವು ಯಂತ್ರದಿಂದ ಏನನ್ನು ಬೇಡುತ್ತದೆಂಬುದನ್ನು ಮೊದಲು ನೋಡೋಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ತೆರೆಯ ಮೇಲೆ ಮೂಡುತ್ತವೆ. ಅವೆಲ್ಲವೂ ಮೊದಲೇ ಸಿದ್ಧವಾದವು. ಆಟದಲ್ಲಿ ಹಾಗಲ್ಲ. ಚಾಲಕನು ಯಾವ ಕಡೆಗೆ ಹೊರಳುವನೋ ಯಂತ್ರಕ್ಕೆ ತಿಳಿಯದು. ಆದುದರಿಂದ ಪ್ರತಿ ಚಿತ್ರವನ್ನೂ ಆಗಿಂದಾಗಲೇ ಲೆಕ್ಕಹಾಕಿ ಬರೆಯಬೇಕು. ಸೆಕೆಂಡಿಗೆ 30 ಚಿತ್ರಗಳು ಬೇಕೆಂದರೆ ಒಂದೊಂದಕ್ಕೂ ದೊರೆಯುವ ಕಾಲ ಸೆಕೆಂಡಿನ ಮೂವತ್ತರಲ್ಲೊಂದು ಪಾಲು. ಅಷ್ಟರಲ್ಲಿ, 1366×768 ಅಳತೆಯ ತೆರೆಯ 10,49,088 ಬಿಂದುಗಳ ಬಣ್ಣವೂ ನಿರ್ಧಾರವಾಗಬೇಕು. ಅಳತೆಯನ್ನು 1024×768ಕ್ಕೆ ಇಳಿಸಿದರೆ ಬಿಂದುಗಳು 7,86,432 ಆಗುತ್ತವೆ. ಈ ಬಾಬಿನಲ್ಲಿ ಕಾಲುಭಾಗದ ದುಡಿಮೆ ಉಳಿಯುತ್ತದೆ. ಲಾರಿಯ ಪಕ್ಕದ ಕನ್ನಡಿಗಳದು ಇನ್ನೊಂದು ಹೊರೆ. ಹಿಂದಿನ ರಸ್ತೆಯನ್ನು ಅವುಗಳಲ್ಲಿ ತೋರಿಸಲು ಆ ನೋಟವನ್ನು ಬೇರೆಯಾಗಿ ಬರೆಯಬೇಕು. ಕನ್ನಡಿ, ನೆರಳುಗಳ ನಯವನ್ನು ನಾವು ತಗ್ಗಿಸಿದೆವು.

ಎರಡನೆಯದು ನೆನಪಿನ ಕೋಶ, ಅಂದರೆ ರ್‍ಯಾಮ್. ಇದು ಅಡುಗೆಯವಳ ಕೈಗೆಟಕುವ ಡಬ್ಬಿಯಿದ್ದಂತೆ. ಅದು ತುಂಬಿದರೆ ಯಂತ್ರವು ತಿರುಗುವ ಹಾರ್ಡ್ ಡಿಸ್ಕಿನ ಮೊರೆಹೋಗುತ್ತದೆ. ಒಗ್ಗರಣೆಗೆ ಸಾಸಿವೆ ತರಲು ನರಗುಂದದ ಸಂತೆಗೆ ಹೊರಟಂತೆ! ಆಟದ ವೇಳೆ ಬೇರೆ ಕಾರ್ಯಕ್ರಮಗಳನ್ನು ಮುಚ್ಚಬೇಕೆನ್ನುವುದು ಇದಕ್ಕಾಗಿಯೇ.

ಇಷ್ಟಾದರೂ ಮಧ್ಯಾಹ್ನದ ಒಗಟು ಬಿಡಿಸಲಿಲ್ಲ. ಅದರ ಕೀಲಿ ಉಷ್ಣದಲ್ಲಿದೆ. ಪ್ರೊಸೆಸರಿಗೆ ಹರಿದ ವಿದ್ಯುಚ್ಛಕ್ತಿಯೆಲ್ಲ ಕೊನೆಗೆ ಶಾಖವಾಗಿ ಪರಿಣಮಿಸುತ್ತದೆ. ಆ ಶಾಖವನ್ನು ತಾಮ್ರದ ಕೊಳವೆಯೊಂದು ತೆಳು ಲೋಹದ ರೆಕ್ಕೆಗಳಿಗೆ ಒಯ್ಯುತ್ತದೆ; ಪಂಖವು ಗಾಳಿಯೂದಿ ಅದನ್ನು ಹೊರದೂಡುತ್ತದೆ. ಶಾಖ ಹೊರಹೋಗುವ ವೇಗವು ರೆಕ್ಕೆಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅನುಸರಿಸುತ್ತದೆಂದು ನೀವು ತರಗತಿಯಲ್ಲಿ ಓದಿದ್ದೀರಿ. ರೆಕ್ಕೆಗಳು 70 ಡಿಗ್ರಿ ಸೆಲ್ಸಿಯಸ್‌ನಲ್ಲಿವೆಯೆಂದು ಭಾವಿಸಿರಿ. ಮುಂಜಾನೆಯ ಗಾಳಿ 22 ಡಿಗ್ರಿಯಾದರೆ ಅಂತರ 48; ಮಧ್ಯಾಹ್ನ 38 ಡಿಗ್ರಿಯಾದರೆ ಅಂತರ 32 ಮಾತ್ರ. ಮೂರರಲ್ಲೊಂದು ಪಾಲು ಶಾಖ ಒಳಗೇ ಉಳಿಯಿತು! ಪ್ರೊಸೆಸರಿನ ಉಷ್ಣತೆ ಸುಮಾರು 100 ಡಿಗ್ರಿಯನ್ನು ಸಮೀಪಿಸಿದೊಡನೆ, ಸುಟ್ಟುಹೋಗದಂತೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹುಡುಗನು ಕುಂಟು ಎಂದುದು ಯಂತ್ರದ ಆತ್ಮರಕ್ಷಣೆ.

ಯಂತ್ರವನ್ನು ನಿಲ್ಲಿಸಿ, ಬ್ಯಾಟರಿ ಕಳಚಿ, ತಳವನ್ನು ಬಿಚ್ಚಿ ನೋಡಿದೆವು. ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂತೆ ಧೂಳು ಹೆಪ್ಪುಗಟ್ಟಿತ್ತು. ಕಡಲೆಯ ರಾಶಿ ನಡೆಯುವಾಗ ಅವನು ಕಣದ ಪಕ್ಕದ ಕೋಣೆಯಲ್ಲಿ ಕುಳಿತು ಆಡುತ್ತಿದ್ದನಂತೆ! ಪಂಖ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದೆವು. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಒಣಗಿದ್ದ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದೆವು. ಸಂದಿಯಲ್ಲಿ ನಿಲ್ಲುವ ಗಾಳಿ ಶಾಖವನ್ನು ಸುಲಭವಾಗಿ ಒಯ್ಯದು; ಲೇಪವು ಆ ಸಂದಿಯನ್ನು ತುಂಬುತ್ತದೆ.

ಮಧ್ಯಾಹ್ನವೇ ಆಟವನ್ನು ಹಚ್ಚಿದೆವು. ಮರಗಳು ಕೊಂಚ ಒರಟಾಗಿ ಕಂಡವು; ಲಾರಿ ಮಾತ್ರ ನಿಲ್ಲದೆ ಸಾಗಿತು. ಇದು ಎಲ್ಲ ಯಂತ್ರಗಳಿಗೂ ಸಲ್ಲುವ ಮದ್ದಲ್ಲ: ಚಿತ್ರ ಬರೆಯುವ ಚಿಪ್ಪಿಗೇ ಶಕ್ತಿ ಸಾಲದಿದ್ದರೆ ಕುಂಚವೇನು ಮಾಡೀತು? ಆದರೆ ಯಂತ್ರವು ಯಾವಾಗ ಸೋಲುತ್ತದೆಂದು ಗಮನಿಸಿದವನಿಗೆ ಏಕೆ ಸೋಲುತ್ತದೆಂಬುದೂ ತಿಳಿದೀತು. ಆ ಹುಡುಗನು ಗಮನಿಸಿದ್ದನು. ಕಡಲೆಯ ಹಣ ಮನೆಯಲ್ಲಿಯೇ ಉಳಿಯಿತು.