ನಾಲಿಗೆಯ ಹುಣ್ಣು, ಕಿವಿಯ ನೋವು

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯೂ ನೆರೆಯ ಹಳೇಬೀಡು, ಅರಸೀಕೆರೆ ಸೀಮೆಯೂ ತೆಂಗು ಅಡಿಕೆ ಬೆಳೆಯುವ ನೆಲ. ಊಟದ ಮೇಲೆ ಎಲೆಅಡಿಕೆ ಮೆಲ್ಲುವುದೂ ಕೆಲವರು ಅದರೊಡನೆ ಹೊಗೆಸೊಪ್ಪಿನ ಚೂರನ್ನು ದವಡೆಗೆ ಒತ್ತಿಕೊಳ್ಳುವುದೂ ಇಲ್ಲಿ ತಲೆಮಾರುಗಳಿಂದ ಬಂದ ರೂಢಿ. ಇಂಥವರಿಗೆ ಒಂದೇ ಕಡೆಯ ಕಿವಿ ವಾರಗಟ್ಟಲೆ ನೋಯುತ್ತಿದ್ದು, ಕಿವಿಯಲ್ಲಿ ಸೋರಿಕೆಯಾಗಲಿ ಬಾವಾಗಲಿ ಕಾಣದಿದ್ದರೆ, ನೋವಿನ ಮೂಲವನ್ನು ಬಾಯಿಯಲ್ಲಿಯೂ ಹುಡುಕಬೇಕಾಗುತ್ತದೆ.

ಹೊರಗಿವಿಯ ಹಾಲೆಯಿಂದ ಸುಮಾರು 2.5 ಸೆಂ.ಮೀ. ಉದ್ದದ ಕಾಲುವೆಯೊಂದು ಒಳಸಾಗಿ ತಮಟೆಯಲ್ಲಿ ಮುಗಿಯುತ್ತದೆ. ತಮಟೆಯ ಹಿಂದಿನ ಗಾಳಿ ತುಂಬಿದ ಗೂಡೇ ನಡುಗಿವಿ. ಅಲ್ಲಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳು ತಮಟೆಯ ಕಂಪನವನ್ನು ಒಳಗಿವಿಯ ಸುರುಳಿಗೆ ಮುಟ್ಟಿಸುತ್ತವೆ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ಕಪಾಲ ನರಗಳಲ್ಲಿ ಎಂಟನೆಯದು ಕೇಳಿಕೆಯನ್ನೂ ದೇಹದ ಸಮತೋಲದ ಅರಿವನ್ನೂ ಒಯ್ಯುತ್ತದೆಯೇ ಹೊರತು ಕಿವಿಯ ನೋವನ್ನಲ್ಲ; ಆ ಕೆಲಸ ಬೇರೆ ನರಗಳಿಗೆ ಹಂಚಿಹೋಗಿದೆ.

ನಾಲಿಗೆ ಎಂಟು ಜೊತೆ ಸ್ನಾಯುಗಳ ಹೆಣಿಗೆ. ‘ಹಳ್ಳಿ’ ಎನ್ನುವಾಗ ತುದಿ ಮೇಲಕ್ಕೆ ಮಡಿಚಿ ಅಂಗುಳನ್ನು ಮುಟ್ಟುವಂತೆ ಮಾಡುವುದು, ಒಂದು ಜೊತೆಯ ಹೊರತು ಉಳಿದೆಲ್ಲವನ್ನೂ ಆಳುವ ಹನ್ನೆರಡನೆಯ ನರ. ಮುಂದಿನ ಮೂರನೆಯ ಎರಡು ಪಾಲಿನ ಸ್ಪರ್ಶ, ನೋವುಗಳು ಐದನೆಯ ನರಕ್ಕೂ ರುಚಿ ಏಳನೆಯ ನರಕ್ಕೂ ಸೇರಿದ್ದು, ಹಿಂದಿನ ಪಾಲಿನ ರುಚಿ, ನೋವುಗಳೆರಡನ್ನೂ ಒಂಬತ್ತನೆಯ ನರವೇ ನೋಡಿಕೊಳ್ಳುತ್ತದೆ.

ರುಚಿಯ ಎಳೆ ಹಿಡಿದಿರುವ ದಾರಿ ನಿಜಕ್ಕೂ ಬೆರಗಿನದು. ಏಳನೆಯ ನರದಿಂದ ಕವಲೊಡೆದ ಈ ಸಣ್ಣ ತಂತು ನಡುಗಿವಿಯೊಳಗೆ ನುಗ್ಗಿ, ತಮಟೆಯ ಒಳಮೈಗೆ ಹತ್ತಿಕೊಂಡಂತೆ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳ ನಡುವೆ ಹಾದು, ತಲೆಬುರುಡೆಯ ಸೀಳೊಂದರಿಂದ ಹೊರಬಿದ್ದು ನಾಲಿಗೆಯ ಕಡೆಗೆ ಇಳಿಯುತ್ತದೆ. ಕಿವಿಯ ಶಸ್ತ್ರಚಿಕಿತ್ಸೆಯಲ್ಲಿ ಇದು ಎಳೆತಕ್ಕೆ ಸಿಕ್ಕರೆ ಅಥವಾ ತುಂಡಾದರೆ ಅದೇ ಕಡೆಯ ನಾಲಿಗೆಗೆ ಲೋಹದ ರುಚಿ ತೋರುವುದುಂಟು.

ನೋವಿನ ನಂಟು ಇನ್ನೂ ಗಾಢವಾದುದು. ಐದನೆಯ ನರದ ಕೆಳದವಡೆಯ ಶಾಖೆಯಿಂದಲೇ ಒಂದು ಕವಲು ನಾಲಿಗೆಗೂ ಇನ್ನೊಂದು ಹಾಲೆಯ ಮುಂಭಾಗ, ಕಾಲುವೆ ಮತ್ತು ತಮಟೆಯ ಹೊರಮೈಗೂ ಹೋಗುತ್ತವೆ. ಒಂಬತ್ತನೆಯ ನರವೂ ಹೀಗೆಯೇ ನಾಲಿಗೆಯ ಬುಡಕ್ಕೂ ನಡುಗಿವಿಯ ಒಳಪೊರೆಗೂ ಕವಲುಗಳನ್ನು ಕಳಿಸುತ್ತದೆ. ಗಂಟಲಿನ ಹತ್ತನೆಯ ನರದ ಎಳೆಯೊಂದು ಕಾಲುವೆಯಲ್ಲಿರುವುದರಿಂದಲೇ ಕಿವಿಯ ಗುಗ್ಗೆ ತೆಗೆಯುವಾಗ ಕೆಲವರಿಗೆ ಕೆಮ್ಮು ಬರುವುದು. ಒಂದೇ ಕಾಂಡದ ಮೂಲಕ ಸುದ್ದಿ ಬಂದಾಗ ಅದು ಯಾವ ಕವಲಿನದೆಂದು ಮಿದುಳು ತಪ್ಪಾಗಿ ಗ್ರಹಿಸಿ, ನಾಲಿಗೆಯ ನೋವನ್ನು ಕಿವಿಯದೆಂದು ಎಣಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಬೆರೆಯದ ಎಲೆಅಡಿಕೆಯೂ ಬಾಯಿಯ ಕ್ಯಾನ್ಸರ್ ತರಬಲ್ಲದೆಂದು ತೀರ್ಮಾನಿಸಿತು. ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಅಂಚಿನಲ್ಲಿ, ಮೊದಮೊದಲು ನೋವಿಲ್ಲದ ಹುಣ್ಣಾಗಿ ತೋರುತ್ತದೆ. ಆದುದರಿಂದ ಮೂರು ವಾರಗಳಲ್ಲಿ ಮಾಯದ ಯಾವ ಹುಣ್ಣನ್ನೂ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು. ಅವರು ಕಿವಿಯನ್ನಷ್ಟೇ ನೋಡದೆ ನಾಲಿಗೆಯನ್ನು ಹೊರಚಾಚಿಸಿ, ಅಂಚುಗಳನ್ನು ಪರೀಕ್ಷಿಸಿ, ಕಣ್ಣಿಗೆ ಬೀಳದ ಬುಡವನ್ನು ಬೆರಳಿನಿಂದ ಒತ್ತಿ ಗಡಸುತನವಿದೆಯೇ ಎಂದು ನೋಡುತ್ತಾರೆ. ಚಾಚಿದ ನಾಲಿಗೆ ಒಂದು ಪಕ್ಕಕ್ಕೆ ವಾಲಿದರೆ ಆ ಪಕ್ಕದ ಹನ್ನೆರಡನೆಯ ನರವೂ ರೋಗಕ್ಕೆ ಸಿಲುಕಿರಬಹುದು.