ಗುಜರಿಯ ಗ್ಯಾಸ್ ಸಿಲಿಂಡರ್ ಕೊಳ್ಳಬಹುದೇ?

ಪ್ರಶ್ನೆ: ಮನೆಯಲ್ಲೇ ವೆಲ್ಡಿಂಗ್, ಕಟಿಂಗ್ ಮಾಡುವ ಆಸೆ. ಹಳೇ ಸಿಲಿಂಡರ್ ತಂದರೆ ಹೇಗೆ?

ಉತ್ತರ: ಬಣ್ಣ ನೋಡಿ ನಂಬಬೇಡಿ. ಆಕ್ಸಿಜನ್‌ಗೆ ಕಪ್ಪು, ಅಸಿಟಿಲೀನ್‌ಗೆ ಮರೂನ್ ಎಂಬ ನಿಯಮವೇನೋ ಇದೆ. ಬಣ್ಣ ಯಾರು ಬೇಕಾದರೂ ಬಳಿದಾರು. ಕತ್ತಿನ ಬಳಿ ಪಂಚ್ ಮಾಡಿದ ಅಕ್ಷರಗಳನ್ನು ಓದಿ: ಮಾಲೀಕರ ಗುರುತು, ಕೊನೆಯ ಪರೀಕ್ಷೆಯ ದಿನಾಂಕ. ಎಷ್ಟೋ ಸಿಲಿಂಡರ್‌ಗಳು ಗ್ಯಾಸ್ ಕಂಪನಿಗಳ ಸ್ವತ್ತು, ಗುಜರಿಯವನಿಗೆ ಮಾರುವ ಹಕ್ಕೇ ಇರುವುದಿಲ್ಲ. ಪರೀಕ್ಷೆಯ ಅವಧಿ ಮುಗಿದಿದ್ದರೆ ತುಂಬಿಸುವಂತೆಯೂ ಇಲ್ಲ.

ಅಸಿಟಿಲೀನ್‌ನದು ಬೇರೆಯೇ ಕಥೆ. ಸಿಲಿಂಡರ್ ಒಳಗೆ ಸ್ಪಂಜಿನಂಥ ಗಟ್ಟಿ ವಸ್ತು, ಅದು ಹೀರಿಕೊಂಡ ಅಸಿಟೋನ್, ಅದರಲ್ಲಿ ಕರಗಿದ ಅನಿಲ. ಈ ಏರ್ಪಾಡಿಲ್ಲದೆ ಹೆಚ್ಚು ಒತ್ತಡಕ್ಕೆ ಸಿಕ್ಕರೆ ಅಸಿಟಿಲೀನ್ ಗಾಳಿಯ ನೆರವಿಲ್ಲದೆಯೇ ಸಿಡಿಯಬಲ್ಲದು. ಬಿದ್ದೋ ಕಾದೋ ಒಳಗಿನದು ಹಾಳಾಗಿದ್ದರೆ ಹೊರಗಿನಿಂದ ಗೊತ್ತಾಗದು. ನಾನಾದರೆ ಪರವಾನಗಿ ಇರುವ ಡೀಲರ್‌ನಿಂದ ಬಾಡಿಗೆಗೆ ತರುತ್ತೇನೆ. ಹಳೇ ರೆಗ್ಯುಲೇಟರನ್ನೂ ಮುಟ್ಟುವುದಿಲ್ಲ.