ಪ್ಲಾಸ್ಟಿಕ್ ಇಲ್ಲದೆ ರೊಟ್ಟಿ ವ್ಯಾಪಾರ ಮಾಡಬಹುದೇ? ಫಾರ್ವರ್ಡ್‌ಗಳು ಹೇಳದ ಸಂಗತಿಗಳು

‘ಮನೆಯಲ್ಲೇ ಪೇಪರ್ ಕಪ್ ಮಾಡಿ, ಪ್ಲಾಸ್ಟಿಕ್ ಮುಕ್ತ ಉದ್ಯಮ ಶುರು ಮಾಡಿ’ ಎನ್ನುವ ವಿಡಿಯೊ ಒಂದು ಕಡೆ. ‘ಜೋಳದ ರೊಟ್ಟಿ ತಿಂದರೆ ಸಕ್ಕರೆ ಕಾಯಿಲೆ ಮಾಯ’ ಎನ್ನುವ ಸಂದೇಶ ಇನ್ನೊಂದು ಕಡೆ. ಇಂಥವು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಇವನ್ನು ನಂಬಿ ಸಾಲ ಮಾಡಿ ಯಂತ್ರ ತರಲು, ರೊಟ್ಟಿ ಪೊಟ್ಟಣಕ್ಕೆ ಲೇಬಲ್ ಅಚ್ಚು ಹಾಕಿಸಲು ಹೊರಡುವವರಿದ್ದಾರೆ. ಹಣ ಹಾಕುವ ಮೊದಲು ಈ ಮಾತುಗಳಲ್ಲಿ ಎಷ್ಟು ನಿಜ ಎಂದು ನೋಡೋಣ. ಉದಾಹರಣೆಗೆ ವಿಜಯಪುರದ ಅಂಚಿನ ಭೂತನಾಳವನ್ನೇ ಇಟ್ಟುಕೊಳ್ಳೋಣ. ಸುತ್ತ ಜೋಳ ಬೆಳೆಯುವ ಸೀಮೆ, ಪಕ್ಕದಲ್ಲೇ ದೊಡ್ಡ ಪೇಟೆ, ನಡುವೆ ಊರಿಗೆ ನೀರು ಕೊಟ್ಟ ಕೆರೆ.

ಮೊದಲು ಪೇಪರ್ ಕಪ್. ಬರೀ ಕಾಗದದಲ್ಲಿ ಚಹಾ ನಿಲ್ಲುವುದಿಲ್ಲ. ಹಾಗಾಗಿ ಸಾಮಾನ್ಯ ಕಪ್ಪಿನ ಒಳಮೈಗೆ ತೆಳುವಾದ ಪಾಲಿಥಿನ್ ಪದರ ಅಂಟಿಸಿರುತ್ತಾರೆ. ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿದರು. 85–90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರನ್ನು ಇಂಥ ಕಪ್ಪಿನಲ್ಲಿ 15 ನಿಮಿಷ ಇಟ್ಟಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರಿದ್ದವು. ಕಾಗದದ ತಟ್ಟೆಗಳದ್ದೂ, ಈಗ ಯಂತ್ರದಲ್ಲಿ ಒತ್ತಿ ಮಾಡುವ ಕೆಲವು ಪತ್ರಾವಳಿಗಳದ್ದೂ ಇದೇ ಕತೆ. ಪರೀಕ್ಷೆ ಮನೆಯಲ್ಲೇ ಆಗುತ್ತದೆ: ತಟ್ಟೆಯನ್ನು ಹರಿದು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಉಜ್ಜಿ ನೋಡಿ. ಕಾಗದ ಕರಗಿ ತೆಳು ಹಾಳೆಯೊಂದು ಕೈಗೆ ಬಂದರೆ ಅದು ಪ್ಲಾಸ್ಟಿಕ್. ಕಡ್ಡಿ ಚುಚ್ಚಿ ಹೊಲಿದ ಮುತ್ತುಗದ ಎಲೆಯ ಹಳೆಯ ಪತ್ರಾವಳಿಯಲ್ಲಿ ಇಂಥದ್ದೇನೂ ಸಿಗದು.

ಹಾಗಾದರೆ ಪ್ಲಾಸ್ಟಿಕ್ಕೇ ಬೇಡದ ತಿನಿಸು ಯಾವುದು? ನಮ್ಮ ಪ್ರಕಾರ ಈ ಪ್ರಶ್ನೆಯನ್ನು ಮೊದಲು ಕೇಳಬೇಕು, ಚೀಲದ ಮಾತು ಆಮೇಲೆ. ವಿಜಯಪುರ ಸೀಮೆಯಲ್ಲಿ ಉತ್ತರ ಅಡುಗೆಮನೆಯಲ್ಲೇ ಇದೆ. ಅದು ಖಡಕ್ ರೊಟ್ಟಿ.

ಖಡಕ್ ರೊಟ್ಟಿ ಏಕೆ ಕೆಡುವುದಿಲ್ಲ?

ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆಗ ರೊಟ್ಟಿ ಬಡಿಯಲು ಬರುತ್ತದೆ. ಬೇಯಿಸಿದ ಮೇಲೆ ಒಲೆಯ ಕಾವಿನಲ್ಲಿ ಇಟ್ಟರೆ ಉಳಿದ ನೀರೂ ಆರಿಹೋಗುತ್ತದೆ. ಸೂಕ್ಷ್ಮಜೀವಿಗಳ ಬಳಕೆಗೆ ಆಹಾರದಲ್ಲಿ ಎಷ್ಟು ನೀರು ಸಿಗುತ್ತದೆ ಎಂಬುದನ್ನು ವಿಜ್ಞಾನಿಗಳು 0ಯಿಂದ 1ರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಅದು 0.6ಕ್ಕಿಂತ ಕೆಳಗಿಳಿದರೆ ಬೂಷ್ಟು ಬೆಳೆಯದು. ಚೆನ್ನಾಗಿ ಒಣಗಿದ ರೊಟ್ಟಿ ಬಟ್ಟೆಯ ಗಂಟಿನಲ್ಲಿ, ಬುಟ್ಟಿಯಲ್ಲಿ ದಿನಗಟ್ಟಲೆ ಉಳಿಯುವುದು ಇದರಿಂದಲೇ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಮೊದಲೇ ಬಂದು ರಾಶಿ ಬೀಳುವುದೂ ಇದೇ ಗುಣದ ಬಲದ ಮೇಲೆ.

ಆದರೆ ಒಣ ರೊಟ್ಟಿ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಬೇಸಿಗೆಯ ವಿಜಯಪುರದಲ್ಲಿ ಬಟ್ಟೆ ಸಾಕು. ಶ್ರಾವಣದಲ್ಲಿ ಸಾಲದು, ಮುಚ್ಚಳ ಬಿಗಿಯಾದ ತಗಡಿನ ಡಬ್ಬಿ ಬೇಕು. ಮೆತ್ತಗಾದ ರೊಟ್ಟಿಯಲ್ಲಿ ಬೂಷ್ಟಿಲ್ಲದಿದ್ದರೆ ಹಂಚಿನ ಮೇಲೆ ಬಿಸಿ ಮಾಡಿದಾಗ ಮತ್ತೆ ಖಡಕ್ ಆಗುತ್ತದೆ. ಬೂಷ್ಟು ಕಂಡರೆ ಆ ಭಾಗ ಮುರಿದು ತಿನ್ನುವುದಲ್ಲ, ರೊಟ್ಟಿಯನ್ನೇ ಎಸೆಯಬೇಕು.

ರೊಟ್ಟಿಯ ಜೊತೆ ಎಲ್ಲರೂ ಕೇಳುವ ಶೇಂಗಾ, ಅಗಸಿ, ಗುರೆಳ್ಳು ಹಿಂಡಿಯ ಸ್ವಭಾವವೇ ಬೇರೆ. ಅವುಗಳಲ್ಲಿ ಎಣ್ಣೆಯಿದೆ. ಕಾಗದ ಎಣ್ಣೆ ಕುಡಿಯುತ್ತದೆ, ಗಾಳಿ ಬೆಳಕು ತಾಗಿ ಎಣ್ಣೆ ಕಮಟುತ್ತದೆ. ಅಗಸಿ ಎಲ್ಲಕ್ಕಿಂತ ಬೇಗ. ಹೃದಯಕ್ಕೆ ಒಳ್ಳೆಯದೆಂದು ಹೊಗಳುವ ಅದರ ಒಮೆಗಾ-3 ಕೊಬ್ಬೇ ಗಾಳಿಗೆ ಮೊದಲು ಕೆಡುವಂಥದ್ದು. ಆದ್ದರಿಂದ ಹಿಂಡಿಯನ್ನು ವಾರಕ್ಕೆ ಬೇಕಾದಷ್ಟೇ ಕುಟ್ಟಿ, ಗಾಜಿನ ಬಾಟಲಿಯಲ್ಲಿ ಕೊಟ್ಟು, ಬಾಟಲಿಗೆ ಡಿಪಾಜಿಟ್ ಹಿಡಿಯುವುದು ಲೇಸು. ಗಿರಾಕಿ ಸ್ಟೀಲ್ ಡಬ್ಬಿ ತಂದರೆ ಇನ್ನೂ ಸುಲಭ.

ಹಾಗೆಂದು ‘ಪ್ಲಾಸ್ಟಿಕ್ ಮುಟ್ಟಿದ ಆಹಾರವೆಲ್ಲ ವಿಷ’ ಎಂಬ ಫಾರ್ವರ್ಡೂ ಸರಿಯಲ್ಲ. ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಆಹಾರಕ್ಕೆ ಇಳಿಯುವುದು ಬಿಸಿ ಹೆಚ್ಚಿದಷ್ಟೂ, ಎಣ್ಣೆ ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಹೆಚ್ಚು. 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸದಂತೆ ತಡೆದದ್ದು ಈ ಕಾರಣಕ್ಕೆ. ಬಿಸಿ ಸಾರನ್ನು ಕ್ಯಾರಿಬ್ಯಾಗಿಗೆ ಸುರಿಯುವುದು ನಿಜಕ್ಕೂ ಕೆಟ್ಟದ್ದು. ತಣ್ಣಗಿನ ಒಣ ರೊಟ್ಟಿಯ ಪೊಟ್ಟಣದಿಂದ ಅಪಾಯ ತೀರಾ ಕಡಿಮೆ. ಅಲ್ಲಿ ಪ್ಲಾಸ್ಟಿಕ್ ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಕಸ. ಖಾಲಿ ಚೀಲ ಚರಂಡಿಗೆ, ಹೊಲಕ್ಕೆ, ಕೆರೆಗೆ ಸೇರುತ್ತದೆ, ದನದ ಹೊಟ್ಟೆಗೂ ಹೋಗುತ್ತದೆ.

ಪ್ಲಾಸ್ಟಿಕ್ ಬಿಟ್ಟು ಹಳೆಯ ಪತ್ರಿಕೆ ಹಿಡಿದರೂ ತಪ್ಪೇ. ಅಚ್ಚಿನ ಮಸಿ ಆಹಾರಕ್ಕೆ ಹತ್ತುತ್ತದೆ, ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಇದನ್ನು ನಿಷೇಧಿಸಿವೆ. ‘ಕಾಂಪೋಸ್ಟೆಬಲ್’ ಎಂದು ಬರೆದ ಚೀಲಗಳಲ್ಲೂ ಹಲವು ಕೊಳೆಯಲು ಸುಮಾರು 60 ಡಿಗ್ರಿ ಬಿಸಿಯ ಕಾರ್ಖಾನೆ ವ್ಯವಸ್ಥೆ ಬೇಕು, ತಿಪ್ಪೆಯಲ್ಲಿ ಅವು ಬೇಗ ಕರಗುವುದಿಲ್ಲ. ಹೊಸ ಹತ್ತಿ ಚೀಲವೂ ತಾನಾಗಿ ‘ಹಸಿರು’ ಅಲ್ಲ. ಡೆನ್ಮಾರ್ಕಿನ ಪರಿಸರ ಇಲಾಖೆಯ 2018ರ ಲೆಕ್ಕದಂತೆ, ಹವಾಮಾನದ ಮಟ್ಟಿಗಷ್ಟೇ ನೋಡಿದರೂ ಅದನ್ನು ಕನಿಷ್ಠ 52 ಸಲ ಬಳಸಬೇಕು. ಮನೆಯ ಹಳೆಯ ಬಿಳಿ ಧೋತರ ಒಗೆದು, ಬಿಸಿಲಿಗೆ ಒಣಗಿಸಿ ಹೊಲಿದ ಚೀಲಕ್ಕೆ ಈ ಲೆಕ್ಕ ಬೇಕಿಲ್ಲ. ರೊಟ್ಟಿಯ ವ್ಯಾಪಾರಕ್ಕೆ ನಮಗೆ ಹಿಡಿಸಿದ್ದೂ ಅದೇ.

ಲೇಬಲ್ ಮೇಲೆ ಏನು ಬರೆಯಬಾರದು

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಶರ್ಕರಪಿಷ್ಟ, 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ ಮಾತ್ರ, ಇಡೀ ಗೋಧಿ ಹಿಟ್ಟಿನಲ್ಲಿ 11. ಅಂದರೆ ಬಿಳಿ ಅನ್ನಕ್ಕೆ ಹೋಲಿಸಿದರೆ ರೊಟ್ಟಿ ಒಳ್ಳೆಯದು, ಚಪಾತಿಗೆ ಹೋಲಿಸಿದರೆ ಸರಿಸುಮಾರು ಒಂದೇ. ಸಕ್ಕರೆ ಕಾಯಿಲೆಯವರೂ ಎಣಿಸಿಯೇ ತಿನ್ನಬೇಕು, ಮಾತ್ರೆ ಬಿಡುವಂತಿಲ್ಲ. ‘ಮಧುಮೇಹ ಗುಣವಾಗುತ್ತದೆ’ ಎಂದು ಪೊಟ್ಟಣದ ಮೇಲೆ ಬರೆದರೆ ಕಾನೂನಿನ ತೊಂದರೆಯೂ ಇದೆ. ಆಹಾರಕ್ಕೆ ರೋಗ ಗುಣಪಡಿಸುವ ಶಕ್ತಿ ಹೇಳುವುದನ್ನು 2018ರ ಜಾಹೀರಾತು ನಿಯಮಗಳು ಒಪ್ಪುವುದಿಲ್ಲ.

‘ಗ್ಲುಟೆನ್ ಮುಕ್ತ’ ಎಂದು ಬರೆಯುವ ಮುನ್ನವೂ ತಡೆಯಿರಿ. ಜೋಳದಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ಊರ ಗಿರಣಿಯಲ್ಲಿ ನಿಮ್ಮ ಜೋಳಕ್ಕಿಂತ ಮೊದಲು ಗೋಧಿ ಬೀಸಿರುತ್ತಾರೆ. ಆ ಹೆಸರು ಹಾಕಲು ಕಿಲೋಗೆ 20 ಮಿಲಿಗ್ರಾಂ ಮಿತಿಯೊಳಗೆ ಇರಬೇಕು. ಸೀಲಿಯಾಕ್ ಕಾಯಿಲೆ ಇದ್ದವರು ನಂಬಿ ತಿಂದರೆ ಕರುಳಿಗೆ ಪೆಟ್ಟು.

ಮನೆಯಿಂದ ಮಾರಿದರೂ ಆಹಾರ ಸುರಕ್ಷತಾ ನೋಂದಣಿ ಬೇಕು. ಸಣ್ಣ ವ್ಯಾಪಾರಕ್ಕೆ ಆನ್‌ಲೈನ್ ಅರ್ಜಿ ಹಾಕಿದರಾಯಿತು. ಯಾರೋ ‘ಏಜೆಂಟ್’ ಕಳಿಸಿದ ಲಿಂಕಿಗೆ ಹಣ ಹಾಕಬೇಡಿ.

ಮಾರುಕಟ್ಟೆ ಇದೆಯೇ? ಕಲಬುರಗಿಯ ಸ್ವಸಹಾಯ ಸಂಘಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಿ ತೋರಿಸಿದ್ದಾರೆ, 2025ರಲ್ಲಿ ‘ಮನ್ ಕೀ ಬಾತ್’ನಲ್ಲೂ ಅವರ ಪ್ರಸ್ತಾಪ ಬಂತು. ಆದರೆ ದೂರ ಹೆಚ್ಚಿದಷ್ಟೂ ಪ್ಲಾಸ್ಟಿಕ್ ಬಿಡುವುದು ಕಷ್ಟ. ಮಂಗಳೂರಿನ ತೇವದ ಗಾಳಿಗೆ ಕೊರಿಯರ್‌ನಲ್ಲಿ ಹೋಗುವ ರೊಟ್ಟಿಗೆ ಬಟ್ಟೆ ಚೀಲ ತಡೆಯದು, ತಗಡಿನ ಡಬ್ಬಿ ಮರಳಿ ಬಾರದು. ಭೂತನಾಳದಿಂದ ವಿಜಯಪುರದ ಅಂಗಡಿ, ಖಾನಾವಳಿ, ಹಾಸ್ಟೆಲ್‌ಗಳಿಗೆ ಬುಟ್ಟಿಯಲ್ಲಿ ಒಯ್ದು, ಮರುದಿನ ಅದೇ ಬುಟ್ಟಿ ಖಾಲಿ ತರುವುದಾದರೆ ಒಂದು ಚೂರು ಪ್ಲಾಸ್ಟಿಕ್ಕೂ ಬೇಕಾಗುವುದಿಲ್ಲ.